ಟೊರಾಂಟೊದಲ್ಲಿ ತಂಗಿಯ ಕನ್ನಡ

ಬನಹಟ್ಟಿ

ನನ್ನ ತಂಗಿ ಕಸ್ತೂರಿ ನನ್ನನ್ನು ಕೆನಡಾಕ್ಕೆ ಕರೆಸಿಕೊಂಡದ್ದು ಊರು ತೋರಿಸಲಿಕ್ಕಲ್ಲ. ತನ್ನ ಜೋಡಿ ಕನ್ನಡ ಮಾತಾಡಲಿಕ್ಕೆ.

ಅವಳು ನರ್ಸು. ಬಿಜಾಪುರದಲ್ಲಿ ಕಲಿತು, ಮಸ್ಕತ್ತಿನಲ್ಲಿ ಕೆಲಸ ಮಾಡಿ, ಅಲ್ಲಿ ಪರಿಚಯವಾದ ಥಾಮಸ್ ಎಂಬ ಕೇರಳದವನನ್ನು ಮದುವೆಯಾಗಿ ಟೊರಾಂಟೊಗೆ ಹೋದವಳು. ಥಾಮಸ್ ಅಲ್ಲಿ ಸಿಟಿ ಬಸ್ಸಿನ ಡ್ರೈವರ್. ಅವನಿಗೆ ಕನ್ನಡ ಬಾರದು, ಇವಳಿಗೆ ಮಲಯಾಳ ಅಷ್ಟಕ್ಕಷ್ಟೆ. ಮನೆಯ ಮಾತೆಲ್ಲ ಇಂಗ್ಲಿಷಿನಲ್ಲಿ. ನನ್ನೊಂದಿಗೆ, ಅವ್ವನೊಂದಿಗೆ ವಾರಕ್ಕೊಮ್ಮೆ ಫೋನಿನಲ್ಲಿ ಆಡುವಷ್ಟೇ ಅವಳ ಕನ್ನಡ.

ಒಂದು ದಿನ ವಾರ್ಡಿನಲ್ಲಿ ಕೈಯಲ್ಲಿದ್ದ ಥರ್ಮಾಮೀಟರಿನ ಹೆಸರು ಅವಳಿಗೆ ನೆನಪಾಗಲಿಲ್ಲ. ಸ್ಕ್ಯಾನ್ ಮಾಡಿದಾಗ ಮೆದುಳಿನ ಎಡಭಾಗದಲ್ಲಿ ಗಡ್ಡೆ ಕಂಡಿತು. ಆಪರೇಶನ್ ಆಯಿತು, ರೇಡಿಯೇಶನ್ ಆಯಿತು. ಮುಂದೆ ಒಂದು ವರ್ಷದ ಮೇಲೆ ಗಡ್ಡೆ ಮತ್ತೆ ಬೆಳೆಯಿತು. ಆಗ ಫೋನ್ ಮಾಡಿದಳು.

"ಅಣ್ಣಾ, ಇಲ್ಲಿ ಡಾಕ್ಟರ್ ಒಂದು ಹೊಸಾದು ಮಾಡಿ ನೋಡಾಕತ್ತಾರ. ಧ್ವನಿ ಬಿಟ್ಟು ತಲ್ಯಾಗ ಔಷಧ ಇಳಸ್ತಾರ. ಮರುದಿನ ಆಪರೇಶನ್ ಮಾಡಿ ಗಡ್ಡಿ ತಗೀತಾರ. ಗಡ್ಡಿ ಇದ್ದದ್ದು ಮಾತಿನ ಜಾಗಾದಾಗ. ತಗಿಯೂ ಮುಂದ ಮಾತ ಹೋದ್ರೂ ಹೋಗಬಹುದು."

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಕೇಳಾಕತ್ತಿಯಿಲ್ಲೋ? ಇಂಗ್ಲಿಷ್ ಹೋದ್ರ ಕನ್ನಡಾ ಉಳದೀತು. ಸಣ್ಣಾಗಿದ್ದಾಗ ಕಲ್ತದ್ದು ಗಟ್ಟಿ ಇರತೈತಿ ಅಂತಾರ. ಆದ್ರ ನಾ ಕನ್ನಡದಾಗ ನೀರ ಕೇಳಿದ್ರ ಕೊಡಾಕ ಇಲ್ಲಿ ಯಾರದಾರ? ನೀ ಬಾ."

ನನ್ನದು ಬನಹಟ್ಟಿಯಲ್ಲಿ ಪವರ್‌ಲೂಮಿನ ಶೆಡ್ಡು. ಸೀರೆ ನೇಯಿಸುವವನು. ವಿಮಾನ ಹತ್ತಿರಲಿಲ್ಲ, ಸೊಲ್ಲಾಪುರದ ಆಚೆಗೆ ಹೆಚ್ಚು ಹೋದವನೂ ಅಲ್ಲ. ಮಗ್ಗಗಳನ್ನು ಹೆಂಡತಿಯ ಸುಪರ್ದಿಗೆ ಬಿಟ್ಟು ಹೊರಟೆ.

ಧ್ವನಿಯಿಂದ ಮಾಡುವ ಚಿಕಿತ್ಸೆ ಎಂದಾಗ ಓಣಿಯವರಿಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ಜಮಖಂಡಿಯಲ್ಲಿ ಬಸುರಿಯರ ಹೊಟ್ಟೆಯ ಮೇಲೆ ಅಂಟು ಹಚ್ಚಿ ಆಡಿಸುವ ಯಂತ್ರ ಎಲ್ಲರಿಗೂ ಗೊತ್ತು. ಪಕ್ಕದ ಮನೆಯ ಈರಪ್ಪ ಬಾಗಲಕೋಟೆಗೆ ಹೋಗಿ ಅಂಥದೇ ಯಂತ್ರದಿಂದ ಕಿಡ್ನಿಯ ಕಲ್ಲು ಒಡೆಸಿಕೊಂಡು ಬಂದಿದ್ದ. "ಏನ ಚಿಂತಿ ಮಾಡಬ್ಯಾಡ್ರಿ. ನನ್ನ ಕಲ್ಲ ಪುಡಿ ಆತಲ್ಲ, ಹಂಗ ತಂಗಿ ಗಡ್ಡೀನೂ ಪುಡಿ ಆಗ್ತೈತಿ," ಎಂದು ಬಸ್ ನಿಲ್ದಾಣದವರೆಗೂ ಬಂದು ಧೈರ್ಯ ಹೇಳಿದ. ನಾನೂ ಅವ್ವನಿಗೆ ಹಾಗೇ ಹೇಳಿದ್ದೆ. ಅವ್ವ ಬೀರಪ್ಪನ ಗುಡಿಯಿಂದ ತಂದ ನಿಂಬೆಹಣ್ಣೊಂದನ್ನು ಅರಿವೆಯಲ್ಲಿ ಸುತ್ತಿ ನನ್ನ ಚೀಲದಲ್ಲಿಟ್ಟಳು.

ವಿಮಾನ ನಿಲ್ದಾಣ

ಟೊರಾಂಟೊದಲ್ಲಿ ಇಳಿದವರೆಲ್ಲ ತಂತಮ್ಮ ಪೆಟ್ಟಿಗೆಗಳಿಗೆ ಕಾಯುತ್ತಿದ್ದೆವು. ಹಸಿರು ಅಂಗಿ ತೊಟ್ಟ ನಾಯಿಯೊಂದು ಜನರ ನಡುವೆ ಮೂಸುತ್ತ ಬಂತು. ಜೋಲು ಕಿವಿ, ಗಿಡ್ಡ ಕಾಲು. ಮುಧೋಳದ ನಾಯಿಗಳನ್ನು ನೋಡಿ ಬೆಳೆದವನಿಗೆ ಅದೇನು ಅಂಥ ನಾಯಿ ಅನಿಸಲಿಲ್ಲ. ನಮ್ಮವು ಕಣ್ಣಿಗೆ ಕಂಡದ್ದನ್ನು ಬೆನ್ನಟ್ಟುತ್ತವೆ. ಇದು ಮೂಗಿನಲ್ಲೇ ಎಲ್ಲ ಕೆಲಸ ಮುಗಿಸಿ, ನನ್ನ ಚೀಲದ ಮುಂದೆ ಬಂದು ತೆಪ್ಪಗೆ ಕೂತುಬಿಟ್ಟಿತು.

ಅದನ್ನು ಹಿಡಿದಿದ್ದ ಹೆಂಗಸು ನನ್ನನ್ನು ಬದಿಗೆ ಕರೆದಳು. ಶೇಂಗಾ ಹಿಂಡಿ, ಕಟಕ ರೊಟ್ಟಿ, ಅಗಸಿ ಹಿಂಡಿ ಎಲ್ಲ ಮೇಜಿನ ಮೇಲೆ ಬಂದವು. ಹಿಂಡಿಯ ಖಾರದ ಪುಡಿ ಮೂಸಿ ನೋಡಿ ಸೀನಿದಳು. ಅದನ್ನೆಲ್ಲ ವಾಪಸು ಕೊಟ್ಟು, ಅರಿವೆ ಬಿಚ್ಚಿ ನಿಂಬೆಹಣ್ಣು ಮಾತ್ರ ತೆಗೆದಿಟ್ಟುಕೊಂಡಳು. ಹಣ್ಣು ಒಳಗೆ ಬಿಡುವುದಿಲ್ಲವಂತೆ. ದೇವರದು ಎಂದು ಹೇಳಲು ನನಗೆ ಇಂಗ್ಲಿಷ್ ಸಾಲಲಿಲ್ಲ. ಕೈ ಮುಗಿದು ತೋರಿಸಿದೆ. ನಾನು ನಮಸ್ಕಾರ ಮಾಡುತ್ತಿದ್ದೇನೆ ಎಂದುಕೊಂಡು ಆಕೆಯೂ ಕೈ ಮುಗಿದಳು. ನಿಂಬೆಹಣ್ಣು ಬುಟ್ಟಿಗೆ ಬಿತ್ತು.

ಹೊರಗೆ ಕಸ್ತೂರಿ ನಿಂತಿದ್ದಳು, ಪಕ್ಕದಲ್ಲಿ ಥಾಮಸ್. ಜಡೆ ಅಷ್ಟೇನೂ ಉದ್ದವಿರಲಿಲ್ಲ. ಮೊದಲ ಆಪರೇಶನ್ ಆದ ಮೇಲೆ ಬೆಳೆದ ಕೂದಲು. ಮುಖ ಊದಿಕೊಂಡಿತ್ತು. ಔಷಧದ ಬಾವು ಎಂದು ತಾನೇ ಹೇಳಿದಳು. ನಾನು ನಿಂಬೆಹಣ್ಣಿನ ಕತೆ ಹೇಳಿದರೆ ಬಿದ್ದು ಬಿದ್ದು ನಕ್ಕಳು.

"ಅವ್ವಗ ಹೇಳಬ್ಯಾಡ. ಅದನ್ನ ತಲಿದಿಂಬಿನ ಕೆಳಗ ಇಟಗೊಂಡು ಮಲಗ್ಯಾಳ ಅಂತ ಹೇಳು."

ಅವರ ಮನೆ

ಆ ಊರಿನ ಮೊದಲ ತೊಂದರೆ ನಿಶ್ಶಬ್ದ. ನಮ್ಮಲ್ಲಿ ಹೊತ್ತು ಮೂಡುವ ಮುಂಚೆ ಮಗ್ಗ ಶುರುವಾಗುತ್ತವೆ. ಕರೆಂಟು ಹೋಗಿ ಸದ್ದು ನಿಂತರೆ ಮಾತ್ರ ಮಕ್ಕಳು ಎದ್ದು ಅಳುತ್ತವೆ. ಅಲ್ಲಿ ಓಣಿಯ ತುಂಬ ಮನೆಗಳಿದ್ದರೂ ಒಂದು ಕೆಮ್ಮು ಸಹ ಕೇಳುವುದಿಲ್ಲ. ನಾನು ಅಡುಗೆಮನೆಯ ಗಡಿಯಾರದ ಕೆಳಗೆ ಹೋಗಿ ಕೂಡುತ್ತಿದ್ದೆ, ಅದಾದರೂ ಟಿಕ್ ಎನ್ನುತ್ತಿತ್ತಲ್ಲ ಎಂದು.

ಜನ ಒಳ್ಳೆಯವರೇ. ಕಾಲು ತುಳಿದವನು ನಾನು, ಕ್ಷಮೆ ಕೇಳಿದವರು ಅವರು. ಬಾಗಿಲು ದಾಟುವಾಗ ಮುಂದಿನವರು ಹಿಡಿದುಕೊಂಡು ನಿಲ್ಲುತ್ತಾರೆ. ನಾವು ದೂರವಿದ್ದರೂ ನಿಲ್ಲುತ್ತಾರೆ, ಅದಕ್ಕಾಗಿ ಓಡಬೇಕಾಗುತ್ತದೆ. ಥಾಮಸನ ಬಸ್ಸಿನಲ್ಲಿ ಒಂದು ದಿನ ಸುತ್ತಾಡಿದೆ. ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಯೂ ಹೇಳಿ ಇಳಿದರು. ನಮ್ಮ ಮುಧೋಳ ಸ್ಟ್ಯಾಂಡಿನಲ್ಲಿ ಹೀಗೆ ಯಾರಾದರೂ ಹೇಳಿದರೆ ಡ್ರೈವರ್ ಮುಖ ನೋಡುತ್ತಾನೆ, ಇವನು ಟಿಕೆಟ್ ತಗೊಂಡಿಲ್ಲೇನೋ ಎಂದು.

ಥಾಮಸ್ ಮತ್ತು ನನ್ನ ನಡುವೆ ಇದ್ದದ್ದು ಹಿಂದಿ. ಅವನದು ಮಸ್ಕತ್ತಿನ ಹಿಂದಿ, ನನ್ನದು ಸೊಲ್ಲಾಪುರದ ನೂಲಿನ ಅಂಗಡಿಯ ಹಿಂದಿ. ಎರಡರಲ್ಲೂ ವ್ಯಾಕರಣವಿರಲಿಲ್ಲವಾದ್ದರಿಂದ ಜಗಳವಿರಲಿಲ್ಲ. ಮೊದಲ ದಿನವೇ ಅವನು ನನಗೆ ಚಹಾ ಕೊಟ್ಟು, "ಭಾಯಿ, ಅವಳು ನನ್ನ ಮುಂದೆ ಅಂಜಿಕೆ ಇಲ್ಲ ಅಂತಾಳೆ. ನಿಮಗೆ ಏನು ಹೇಳ್ತಾಳೆ?" ಎಂದು ಕೇಳಿದ. ನನಗೂ ಅದನ್ನೇ ಹೇಳಿದ್ದಾಳೆ ಎಂದೆ. ಅವನು ತಲೆಯಾಡಿಸಿ ಕೆಲಸಕ್ಕೆ ಹೋದ.

ಆಸ್ಪತ್ರೆ

ಆಪರೇಶನ್ನಿಗೆ ಮೊದಲು ಅವಳ ಕನ್ನಡ ಎಷ್ಟಿದೆ ಎಂದು ಅಳೆದಿಡಬೇಕಾಗಿತ್ತು. ಆಮೇಲೆ ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಗೊತ್ತಾಗಬೇಕಲ್ಲ. ಮಾತಿನ ಪರೀಕ್ಷೆ ಮಾಡುವ ಹುಡುಗಿ ಚಿತ್ರಗಳ ಕಟ್ಟು ಹಿಡಿದು ಬಂದಳು. ನಾನು ಕೇಳಬೇಕು, ಕಸ್ತೂರಿ ಹೇಳಬೇಕು. ನನ್ನ ಮಾತು ಆ ಹುಡುಗಿಗೆ ತಿಳಿಯಲೆಂದು ಮೇಜಿನ ಮೇಲೆ ಫೋನಿಟ್ಟರು. ಅದರೊಳಗಿಂದ ಕನ್ನಡ ಬಲ್ಲ ಹೆಂಗಸೊಬ್ಬಳು ಮಾತಾಡುತ್ತಾಳೆ, ಎಲ್ಲವನ್ನೂ ಅತ್ತಿಂದಿತ್ತ ಅನುವಾದಿಸುತ್ತಾಳೆ. ತನ್ನ ಹೆಸರು ಹೇಳುವಂತಿಲ್ಲವಂತೆ. ಮಾತು ಕೇಳಿದರೆ ಮೈಸೂರಿನ ಕಡೆಯಾಕೆ.

ನಾನು ಈರುಳ್ಳಿಯ ಚಿತ್ರ ತೋರಿಸಿದೆ.

"ಉಳ್ಳಾಗಡ್ಡಿ," ಎಂದಳು ಕಸ್ತೂರಿ.

ಫೋನಿನಾಕೆ, "ದಯವಿಟ್ಟು ಇನ್ನೊಮ್ಮೆ ಹೇಳುತ್ತೀರಾ?" ಎಂದಳು.

"ಉಳ್ಳಾಗಡ್ಡಿ ರೀ."

ಮುಂದಿನದು ಆಲೂಗಡ್ಡೆ, ಅದಕ್ಕೆ ಬಟಾಟಿ ಎಂದಳು. ಅದರ ಮುಂದಿನದು ಮೆಟ್ಟಿಲುಗಳ ಚಿತ್ರ. ಕಸ್ತೂರಿ ತಡವಿಲ್ಲದೆ "ಪಾವಟಿಗಿ" ಎಂದಳು. ಫೋನಿನಾಕೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಪರೀಕ್ಷೆಯ ಹುಡುಗಿ ಪೆನ್ನಿನಿಂದ ಅಡ್ಡಗೆರೆ ಎಳೆದಳು. ಆ ಶಬ್ದ ತನಗೆ ತಿಳಿಯದು, ಬಹುಶಃ ತಪ್ಪಿರಬೇಕು ಎಂದಿದ್ದಳಂತೆ.

ನಾನು ಎದ್ದು ನಿಂತೆ. "ತಪ್ಪಲ್ಲ! ಖರೆ ಐತಿ. ನಮ್ಮ ಕಡಿ ಅದಕ್ಕ ಪಾವಟಿಗಿ ಅಂತೇವ್ರಿ. ಮೂರೂ ಬರೋಬ್ಬರಿ ಹೇಳ್ಯಾಳ."

ಫೋನಿನಾಕೆ, "ಕ್ಷಮಿಸಿ ಸಾರ್. ನಿಮ್ಮ ಕಡೆಯ ಮಾತು ನನಗೆ ಅಷ್ಟು ರೂಢಿ ಇಲ್ಲ," ಎಂದು, ಅದನ್ನೇ ಇಂಗ್ಲಿಷಿನಲ್ಲೂ ಹೇಳಿದಳು. ಹುಡುಗಿ ಹಾಳೆ ಬದಲಿಸಿದಳು. ಅಂದಿನಿಂದ ಯಾವುದು ಸರಿ ಯಾವುದು ತಪ್ಪು ಎಂದು ಹೇಳುವ ಅಧಿಕಾರ ನನಗೆ ಬಂತು.

ಆಮೇಲೆ ಹುಟ್ಟಿದ ಊರು ಕೇಳಿದರು. ಕಸ್ತೂರಿ "ಹೊಳೆಬನಾಳ, ಬೀಳಗಿ ತಾಲೂಕು" ಎಂದಳು. ಹುಡುಗಿ ಕಂಪ್ಯೂಟರಿನಲ್ಲಿ ನಕ್ಷೆ ತೆಗೆದು ಹುಡುಕಿದಳು. ಎಲ್ಲಿ ಎಂದು ಬೊಟ್ಟಿಟ್ಟು ತೋರಿಸು ಎಂದಾಗ ಕಸ್ತೂರಿ ನೀಲಿ ಬಣ್ಣದ ನಡುವೆ ಬೊಟ್ಟಿಟ್ಟಳು. ಹುಡುಗಿಯ ಮುಖ ಗಂಭೀರವಾಯಿತು. ನೀರಿನಲ್ಲಿ ಊರು ತೋರಿಸಿದಳೆಂದರೆ ತಲೆಯೊಳಗೆ ಏನೋ ಕೆಟ್ಟಿದೆ ಎಂದುಕೊಂಡಿರಬೇಕು. ನಾನು ಫೋನಿನತ್ತ ಬಾಗಿ ಹೇಳಿದೆ: ಆಲಮಟ್ಟಿ ಕಟ್ಟೆಯ ಹಿನ್ನೀರು ಬಂದು ನಮ್ಮೂರು ಮುಳುಗಿತು, ಆಗ ನಾವು ಸೋದರಮಾವನ ಮಗ್ಗ ಹಿಡಿಯಲಿಕ್ಕೆ ಬನಹಟ್ಟಿಗೆ ಬಂದೆವು, ಅವಳು ಬೊಟ್ಟಿಟ್ಟ ಜಾಗ ಸರಿಯಾಗಿದೆ. ಫೋನಿನಾಕೆ ಅನುವಾದಿಸಿದಳು. ಹುಡುಗಿ ನಕ್ಷೆಯನ್ನೂ ಕಸ್ತೂರಿಯನ್ನೂ ನೋಡಿ, ಮೆಲ್ಲಗೆ ಸರಿ ಗುರುತು ಹಾಕಿದಳು.

ಮಧ್ಯಾಹ್ನ ಡಾಕ್ಟರ್ ಬಂದರು. ಬಿಳಿ ಗಡ್ಡದ ಎತ್ತರದ ಮನುಷ್ಯ. ನನಗೆ ಎಲ್ಲ ತಿಳಿಸಿ ಹೇಳಬೇಕು ಎಂದು ಕಸ್ತೂರಿಯೇ ಕೇಳಿಕೊಂಡಿದ್ದಳಂತೆ. ಫೋನಿನಾಕೆಯ ಬಾಯಲ್ಲಿ ಅವರ ಮಾತು ಹೀಗೆ ಬಂತು: "ಮಿದುಳಿನ ರಕ್ತನಾಳಗಳಿಗೆ ಒಂದು ರಕ್ಷಣಾತ್ಮಕ ತಡೆ ಇರುತ್ತದೆ. ಔಷಧ ಅದನ್ನು ದಾಟುವುದಿಲ್ಲ. ನಾವು ರಕ್ತದಲ್ಲಿ ಅತಿ ಸೂಕ್ಷ್ಮವಾದ ಗುಳ್ಳೆಗಳನ್ನು ಬಿಡುತ್ತೇವೆ. ತಲೆಯನ್ನು ತಿರುಪಿನ ಚೌಕಟ್ಟಿನಲ್ಲಿ ಬಿಗಿದು, ಹೊರಗಿನಿಂದ ಧ್ವನಿಯ ಅಲೆಗಳನ್ನು ಒಂದೇ ಬಿಂದುವಿಗೆ ಕೇಂದ್ರೀಕರಿಸುತ್ತೇವೆ..."

ನಾನು ಕಸ್ತೂರಿಯ ಮುಖ ನೋಡಿದೆ.

"ಗಟ್ಟಿ ನೇದ ಅರಿವಿ ಇರತೈತಲ್ಲ ಅಣ್ಣಾ, ಹಂಗ," ಎಂದಳು. "ನೀರ ಹಾಕಿದ್ರೂ ಒಳಗ ಇಳಿಯಂಗಿಲ್ಲ. ಧ್ವನಿ ಬಿಟ್ಟಾಗ ಆ ಗುಳ್ಳಿ ನಡಗತಾವ. ನಡಗಿ ಎಳಿ ಸಡ್ಲ ಮಾಡ್ತಾವ. ಆ ಸಂದಿನಾಗ ಔಷಧ ಇಳೀತೈತಿ. ಮರುದಿನ ಎಳಿ ತಾವ ಮತ್ತ ಬಿಗೀತಾವ."

"ಅಂದ್ರ ಗಡ್ಡಿ ಪುಡಿ ಆಗೂದಿಲ್ಲ?"

ಇದನ್ನು ಫೋನಿನಾಕೆ ಡಾಕ್ಟರಿಗೆ ಹೇಳಿದಳು. ಅವರು ನನ್ನ ಕಡೆ ತಿರುಗಿ ನಿಧಾನವಾಗಿ ಉತ್ತರ ಕೊಟ್ಟರು. ಫೋನಿನಾಕೆ ಅದನ್ನು ಕನ್ನಡಕ್ಕೆ ತಂದಳು.

"ಇಲ್ಲ. ಗಡ್ಡೆ ಒಡೆಯುವುದಕ್ಕೆ ಅಲ್ಲ. ಆ ತಡೆಯನ್ನು ಅಪಾಯವಿಲ್ಲದೆ ತೆರೆಯಬಹುದೇ, ಔಷಧ ಒಳಗೆ ಹೋಗುತ್ತದೆಯೇ ಎಂದು ಮಾತ್ರ ನಾವು ನೋಡುತ್ತಿದ್ದೇವೆ. ಇದರಿಂದ ನಿಮ್ಮ ತಂಗಿಗೆ ಗುಣವಾಗುತ್ತದೆ ಎಂದು ನಾನು ಹೇಳಲಾರೆ."

ನಾನು ಫೋನಿಗೇ ಕೇಳಿದೆ, "ತಾಯಿ, ನಿಮಗೇನ ಅನಸತೈತ್ರಿ?"

"ಸಾರ್, ನಾನು ನನ್ನ ಕಡೆಯಿಂದ ಏನನ್ನೂ ಹೇಳುವ ಹಾಗಿಲ್ಲ," ಎಂದಳು ಆಕೆ.

ಕೆರೆಯ ದಂಡೆ

ಅವರು ಕೆರೆ ಎನ್ನುವುದು ಸಮುದ್ರದಷ್ಟಿದೆ. ಆಚೆ ದಡ ಕಾಣುವುದಿಲ್ಲ. ಮರುದಿನ ಕಸ್ತೂರಿ ನನ್ನನ್ನು ಅಲ್ಲಿಗೆ ಕರೆದೊಯ್ದಳು. ಎಲೆಗಳೆಲ್ಲ ಕೆಂಪಾಗಿದ್ದವು. ಬಿಸಿಲಿತ್ತು, ಆದರೆ ಕಾವಿರಲಿಲ್ಲ. ನಾಯಿಗಳನ್ನು ಅಡ್ಡಾಡಿಸಲು ಬಂದವರು, ಅವು ಮಾಡಿದ ಹೇಲನ್ನು ಚೀಲದಲ್ಲಿ ಬಳಿದು ಕೈಯಲ್ಲಿ ಹಿಡಿದುಕೊಂಡು ತಿರುಗುತ್ತಿದ್ದರು. ಅದನ್ನು ನೋಡಿ ನಗಬೇಕಾಗಿತ್ತು. ನನಗೆ ಸಿಟ್ಟು ಬಂದಿತ್ತು.

"ಗುಣಾ ಆಗೂದಿಲ್ಲ ಅಂದ್ರ ತಲಿಗೆ ಸ್ಕ್ರೂ ಯಾಕ ಹಾಕಿಸ್ಕೊಳ್ಳಾಕತ್ತಿ ಬೇ? ಅವರಿಗೆ ನೋಡೂದಿದ್ರ ಬ್ಯಾರೇದವ್ರನ್ನ ನೋಡ್ಲಿ."

"ಬ್ಯಾರೇದವ್ರು ಅಂದ್ರ ಯಾರ ಅಣ್ಣಾ? ಅವ್ರಿಗೂ ಅಣ್ಣ ಇರಂಗಿಲ್ಲೇನು?"

"ನಾ ಅವ್ರ ಅಣ್ಣ ಅಲ್ಲ."

ಅವಳು ಕಲ್ಲಿನ ಕಟ್ಟೆಯ ಮೇಲೆ ಕೂತಳು. "ಹೆಂಗೂ ಆಪರೇಶನ್ ಮಾಡಬೇಕ. ಅದರ ಹಿಂದಿನ ದಿನಾ ಇದು. ನಾ ಇಷ್ಟ ವರ್ಷ ಮಂದಿಗೆ ಔಷಧ ಕೊಟ್ಟೇನಿ. ಒಂದೊಂದು ಔಷಧಾನೂ ಯಾರೋ ಒಬ್ರು ಮೊದ್ಲ ತಗೊಂಡು ನೋಡಿದ್ದ. ಅವರ ಹೆಸರ ನನಗ ಗೊತ್ತಿಲ್ಲ. ಖರೆ ಹೇಳಬೇಕಂದ್ರ, ಒಂದೀಟ ಆಸೇನೂ ಐತಿ. ಔಷಧ ಇಳದು ಚಲೋ ಆದ್ರ ಬ್ಯಾಡ ಅಂತೇನೇನು? ಆದ್ರ ಡಾಕ್ಟರ್ ಹೇಳಿದ್ದ ಖರೆ. ಅದನ್ನ ತಿಳಕೊಂಡ ಹೂಂ ಅಂದೇನಿ."

"ಅಂಜಿಕಿ ಇಲ್ಲೇನ?"

"ಐತಿ," ಎಂದಳು. "ಸಾಯೂದಕ್ಕಲ್ಲ. ಮಾತಿಲ್ದ ಇರೂದಕ್ಕ."

ನಾನು ಪಕ್ಕದಲ್ಲಿ ಕೂತೆ. ಸಿಟ್ಟು ಇಳಿದಿರಲಿಲ್ಲ, ಆದರೆ ಯಾರ ಮೇಲೆ ಎಂದು ತಿಳಿಯದಾಯಿತು. ಸಂಜೆ ಅವ್ವನಿಗೆ ಫೋನ್ ಮಾಡಿ, ಗಡ್ಡೆ ಪುಡಿಯಾಗುವುದಿಲ್ಲ, ಔಷಧಕ್ಕೆ ದಾರಿ ಮಾಡಿಕೊಡುತ್ತಾರೆ ಅಷ್ಟೇ, ಇನ್ನೂ ಮಾಡಿ ನೋಡುವ ಹಂತದಲ್ಲಿದೆ ಎಂದೆ. ಅವ್ವ ಕೇಳಿದ್ದು ಒಂದೇ: "ಆಕಿ ಒಪ್ಪ್ಯಾಳನು?" ಒಪ್ಪಿದ್ದಾಳೆ ಎಂದೆ.

ಧ್ವನಿಯ ದಿನ

ಹಿಂದಿನ ದಿನ ಥಾಮಸ್ ಅವಳ ತಲೆ ಬೋಳಿಸಿದ್ದ. ಒಂದು ಕೂದಲೂ ಇರುವಂತಿಲ್ಲ, ಕೂದಲಿದ್ದರೆ ಧ್ವನಿ ಸರಿಯಾಗಿ ಒಳಗೆ ಹೋಗುವುದಿಲ್ಲವಂತೆ. ಬಚ್ಚಲ ಮನೆಯಲ್ಲಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಕಿವಿಯ ಹಿಂದೆ ಬೆರಳಾಡಿಸಿ ನೋಡಿ ನೋಡಿ ಕೆಲಸ ಮುಗಿಸಿದ. ನನ್ನನ್ನು ಕರೆಯಲಿಲ್ಲ. ನಾನು ಬಾಗಿಲ ಹೊರಗೇ ಇದ್ದೆ.

ಆಸ್ಪತ್ರೆಯಲ್ಲಿ ಅವಳ ತಲೆಗೆ ಲೋಹದ ಚೌಕಟ್ಟು ಕೂರಿಸಿ ತಿರುಪು ಬಿಗಿದರು. ಮಂಪರು ಕೊಡುವಂತಿಲ್ಲ. ಅವಳು ಎಚ್ಚರವಿರಬೇಕು, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿರಬೇಕು. ಶುರುವಾಗುವ ಮುನ್ನ ನನಗೂ ಥಾಮಸನಿಗೂ ಗಾಜಿನ ಈಚೆಯಿಂದ ಒಮ್ಮೆ ನೋಡಲು ಬಿಟ್ಟರು. ದೊಡ್ಡ ಸ್ಕ್ಯಾನಿನ ಕೊಳವೆಯ ಬಾಯಲ್ಲಿ ಮಲಗಿದ್ದಳು. ತಲೆಗೆ ಬೋಗುಣಿಯಂಥ ಟೊಪ್ಪಿಗೆ, ಅದರೊಳಗೆ ತಣ್ಣೀರು ಸುತ್ತುತ್ತಿರುತ್ತದೆ. ಟೊಪ್ಪಿಗೆಯ ಒಳಮೈ ತುಂಬ ಧ್ವನಿ ಹೊರಡುವ ಸಣ್ಣ ಸಣ್ಣ ಬಿಲ್ಲೆಗಳು. ಒಂದೊಂದರ ಧ್ವನಿಯೂ ದುರ್ಬಲ. ಎಲ್ಲವೂ ಕೂಡುವ ಜಾಗದಲ್ಲಿ ಮಾತ್ರ ಬಲ. ನನಗೆ ಅದರ ಸದ್ದು ಕೇಳಬೇಕೆನಿಸಿತ್ತು. ಮನುಷ್ಯರ ಕಿವಿಗೆ ಅದು ಕೇಳುವುದೇ ಇಲ್ಲ ಎಂದರು.

ಕಾಯುವ ಕೋಣೆಯಲ್ಲಿ ವಯಸ್ಸಾದ ಬಿಳಿ ಹೆಂಗಸೊಬ್ಬಳು ಹೆಣೆಯುತ್ತ ಕೂತಿದ್ದಳು. ಒಂದು ಕಡೆ ಎಳೆ ತಪ್ಪಿದ್ದು ನನ್ನ ಕಣ್ಣಿಗೆ ಬಿತ್ತು. ಹೇಳಲೋ ಬೇಡವೋ ಎಂದು ಬಹಳ ಹೊತ್ತು ಒದ್ದಾಡಿ, ಕೊನೆಗೆ ಬೊಟ್ಟು ಮಾಡಿ ತೋರಿಸಿದೆ. ಆಕೆ ಕನ್ನಡಕ ಏರಿಸಿ ನೋಡಿ, ಅಲ್ಲಿಯವರೆಗೆ ಪೂರಾ ಬಿಚ್ಚಿ, ಕ್ಷಮೆ ಕೇಳಿ, ಮತ್ತೆ ಶುರುಮಾಡಿದಳು. ಯಾವ ತಪ್ಪಿಗೆ ನನ್ನ ಕ್ಷಮೆ ಕೇಳಿದಳೋ ತಿಳಿಯಲಿಲ್ಲ. ಥಾಮಸ್ ಮಾತ್ರ ಆ ದಿನ ಮೊದಲ ಸಲ ನಕ್ಕ.

ಆಮೇಲೆ ನರ್ಸೊಬ್ಬಳು ನಮ್ಮನ್ನು ದಾಟಿ ಬಿರಬಿರನೆ ಒಳಗೆ ಹೋದಳು. ಅವಳ ಹಿಂದೆ ಇನ್ನೊಬ್ಬ. ಥಾಮಸ್ ಎದ್ದು ನಿಂತ. ಬಾಗಿಲು ಮುಚ್ಚಿತು. ಅವನು ನನ್ನ ತೋಳು ಹಿಡಿದುಕೊಂಡ, ಬಿಗಿಯಾಗಿ. ನಾವಿಬ್ಬರೂ ಹಿಂದಿಯನ್ನೂ ಮರೆತು ನಿಂತಿದ್ದೆವು.

ನಡೆದದ್ದು ಇಷ್ಟು. ಧ್ವನಿ ಬಿಟ್ಟ ಪ್ರತಿ ಸಲವೂ ಯಂತ್ರ ನಡೆಸುವ ಆಪರೇಟರು, "ಹೇಗಿದ್ದೀರಿ? ಇವತ್ತು ಯಾವ ವಾರ?" ಎಂದು ಕೇಳುತ್ತಿದ್ದ. ಅವಳು ಹೇಳುತ್ತಿದ್ದಳು. ಒಂದು ಸಲ ಹೇಳಲಿಲ್ಲ. ಮತ್ತೆ ಕೇಳಿದ, ಉತ್ತರವಿಲ್ಲ. ಮಾತಿನ ಜಾಗಕ್ಕೇ ಧಕ್ಕೆಯಾಯಿತು ಎಂದು ಎಲ್ಲ ನಿಲ್ಲಿಸಿ ಒಳಗೆ ಓಡಿದರು. ನೋಡಿದರೆ ಕಸ್ತೂರಿ ಗಾಢ ನಿದ್ದೆಯಲ್ಲಿದ್ದಳು.

ಸ್ಕ್ಯಾನಿನ ಕೊಳವೆ ತಾನೇ ದೊಡ್ಡ ಸದ್ದು ಮಾಡುತ್ತದೆ, ಟಕಟಕ ಟಕಟಕ ಎಂದು. ಉಳಿದವರು ಅದಕ್ಕೆ ಕಿವಿಗೆ ಹತ್ತಿ ತುರುಕಿಕೊಂಡು ಹಲ್ಲು ಕಚ್ಚಿ ಮಲಗುತ್ತಾರಂತೆ. "ಅಣ್ಣಾ, ಶೆಡ್ಡಿನ್ಯಾಗ ಮಲಗಿದಂಗಾತು," ಎಂದಳು ಹೊರಗೆ ಬಂದ ಮೇಲೆ, ತುಟಿ ತಣ್ಣಗಾಗಿ ನಡುಗುತ್ತಿದ್ದರೂ. "ಎಷ್ಟ ದಿನಾಗಿತ್ತು ಹಂಗ ನಿದ್ದಿ ಹತ್ತಿ." ಆಪರೇಟರು ಮಾತ್ರ ಇನ್ನೂ ಬೆವರು ಒರೆಸಿಕೊಳ್ಳುತ್ತಿದ್ದ.

ಸಂಜೆ ಡಾಕ್ಟರ್ ಒಂದು ಚಿತ್ರ ತೋರಿಸಿದರು. ರಕ್ತಕ್ಕೆ ಬಿಟ್ಟ ಬಣ್ಣ ಮೊದಲು ಇಳಿಯದಿದ್ದ ಜಾಗದಲ್ಲಿ ಈಗ ಬಿಳಿ ಚುಕ್ಕೆಗಳು ಸಾಲಾಗಿ ಕಂಡವು. ಎಳೆ ಸಡಿಲಾಗಿತ್ತು. ಅವರು ಉದ್ದ ಕೈ ಚಾಚಿ ಕಸ್ತೂರಿಯ ಕೈ ಕುಲುಕಿದರು, ಆಮೇಲೆ ಥಾಮಸನದು, ಆಮೇಲೆ ನನ್ನದೂ.

ಆಪರೇಶನ್ನಿನ ನಂತರ

ಆಪರೇಶನ್ ಮರುದಿನವೇ ಆಯಿತು. ತೆಗೆಯಬಹುದಾದಷ್ಟು ಗಡ್ಡೆ ತೆಗೆದರು.

ಅವಳು ಕಣ್ಣು ಬಿಟ್ಟಾಗ ನರ್ಸು ಹೆಸರು ಕೇಳಿದಳು. ಕಸ್ತೂರಿ ಅವಳನ್ನೇ ನೋಡಿದಳು. ಥಾಮಸ್ ಕೇಳಿದ. ಇಲ್ಲ. ಎಲ್ಲರೂ ನನ್ನತ್ತ ತಿರುಗಿದರು. ಇದಕ್ಕಾಗಿಯೇ ಅಲ್ಲವೇ ನಾನು ಬಂದದ್ದು.

"ಕಸ್ತೂರಿ. ನಾ ಬೇ, ಅಣ್ಣ. ನೀರ ಬೇಕೇನ?"

ಅವಳ ಕಣ್ಣು ನನ್ನ ಮೇಲೆ ನಿಂತವು. ಗುರುತು ಇತ್ತು. ಮಾತು ಮಾತ್ರ ಇರಲಿಲ್ಲ.

ಮರುದಿನವೂ ಹಾಗೇ ಹೋಯಿತು. ಅದರ ಮರುದಿನ ಬೆಳಿಗ್ಗೆ ಥಾಮಸ್ ಅವಳ ದಿಂಬು ಸರಿಮಾಡುತ್ತಿದ್ದಾಗ ಅವಳ ತುಟಿ ಆಡಿತು. "ವಾಟರ್," ಎಂದಳು. ಥಾಮಸ್ ನೀರು ಕುಡಿಸಿ, ಮುಖ ಗೋಡೆಗೆ ತಿರುಗಿಸಿ ನಿಂತುಬಿಟ್ಟ. ಹಗಲು ಮುಗಿಯುವುದರೊಳಗೆ ಇನ್ನೂ ನಾಲ್ಕಾರು ಶಬ್ದ ಬಂದವು, ಎಲ್ಲ ಇಂಗ್ಲಿಷಿನವು. ನಾನು ಉಳ್ಳಾಗಡ್ಡಿಯ ಚಿತ್ರ ತೋರಿಸಿದೆ. ಅವಳು ಕಷ್ಟಪಟ್ಟು ಯೋಚಿಸಿ "ಆನಿಯನ್" ಎಂದಳು. "ಉಳ್ಳಾ..." ಎಂದು ನಾನು ಅರ್ಧ ಹೇಳಿಕೊಟ್ಟೆ. ಪರದೇಶದವರ ಮಾತು ಕೇಳಿದ ಹಾಗೆ ನನ್ನ ಬಾಯಿ ನೋಡಿದಳು.

ಇಂಗ್ಲಿಷ್ ಹೋದೀತೆಂದು ನನ್ನನ್ನು ಕರೆಸಿದ್ದಳು. ಹೋದದ್ದು ಕನ್ನಡ.

ಮಾತಿನ ಪರೀಕ್ಷೆಯ ಹುಡುಗಿ ಸಮಾಧಾನ ಹೇಳಿದಳು. ಕೆಲವರಿಗೆ ಮೊದಲು ಕಲಿತದ್ದು ಬೇಗ ಬರುತ್ತದೆ, ಕೆಲವರಿಗೆ ದಿನದಿನವೂ ಆಡುವುದು ಬೇಗ ಬರುತ್ತದೆ. ಇನ್ನೊಂದು ತಡವಾಗಿ ಬರಬಹುದು, ಬರದೆಯೂ ಇರಬಹುದು. ಥಾಮಸ್ ಇದನ್ನು ಹಿಂದಿಗೆ ತಿರುಗಿಸುವಾಗ, ತಾನು ಏನೋ ಕದ್ದವನ ಹಾಗೆ ತಲೆ ತಗ್ಗಿಸಿದ್ದ. "ಭಾಯಿ, ನಾನು ದಿನಾ ಅವಳ ಜೊತೆ ಇಂಗ್ಲಿಷ್ ಮಾತಾಡಿದೆ," ಎಂದ. "ಒಳ್ಳೇದಾಯ್ತು. ಅದರಿಂದಲೇ ಇಷ್ಟಾದರೂ ಉಳೀತು," ಎಂದೆ. ಹೇಳಿದ್ದು ಮನಸ್ಸಿನಿಂದಲೇ. ಆದರೂ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ರಜೆ ಮುಗಿದು ಥಾಮಸ್ ಬಸ್ಸಿಗೆ ಹೋಗತೊಡಗಿದ. ಹಗಲೆಲ್ಲ ನಾವಿಬ್ಬರೇ. ನಾನು ಕನ್ನಡದಲ್ಲಿ ಏನೇನೋ ಹೇಳುತ್ತಿದ್ದೆ: ಮಗ್ಗದ ಸುದ್ದಿ, ಓಣಿಯ ಸುದ್ದಿ, ಸಮೀರವಾಡಿ ಫ್ಯಾಕ್ಟರಿಗೆ ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಂತ ಸುದ್ದಿ. ಅವಳು ಕೇಳುತ್ತಿದ್ದಳು, ಎಷ್ಟು ತಲೆಗೆ ಹತ್ತುತ್ತಿತ್ತೋ ಗೊತ್ತಿಲ್ಲ.

ಒಂದು ಮಧ್ಯಾಹ್ನ ಅವಳಿಗೆ ನನಗೆ ಏನನ್ನೋ ಹೇಳಬೇಕಾಗಿತ್ತು. ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದಳು. ನನಗೆ ತಿಳಿಯಲಿಲ್ಲ. ಕಣ್ಣಲ್ಲಿ ನೀರು ಬಂತು ಅವಳಿಗೆ. ಅದನ್ನು ನೋಡಿದ ನರ್ಸು ಮೇಜಿನ ಫೋನ್ ತಂದು ನಡುವೆ ಇಟ್ಟು ನಂಬರು ಒತ್ತಿದಳು. "ನಮಸ್ಕಾರ," ಎಂದಿತು ಅದೇ ಮೈಸೂರಿನ ದನಿ. ಒಡಹುಟ್ಟಿದವಳ ಮಾತು ತಿಳಿಯಲು ನನಗೆ ದುಭಾಷಿ ಬೇಕಾಯಿತು.

ಕಸ್ತೂರಿ ಫೋನಿಗೆ ಇಂಗ್ಲಿಷಿನಲ್ಲಿ ತಡೆದು ತಡೆದು ಹೇಳಿದಳು.

"ಅಣ್ಣ," ಎಂದಳು ಫೋನಿನಾಕೆ, "ನೀವು ಊಟ ಮಾಡಿದಿರಾ?"

ಕಸ್ತೂರಿಯ ಹುಬ್ಬು ಗಂಟಿಕ್ಕಿತು. ಏನೋ ತಪ್ಪಿದೆ ಎಂಬಂತೆ ತಲೆ ಅಲ್ಲಾಡಿಸಿದಳು. ಫೋನಿನಾಕೆ ಇನ್ನೊಮ್ಮೆ, ಬಿಡಿಸಿ ಬಿಡಿಸಿ, "ನೀವು ಊಟ ಮಾಡಿದಿರಾ?" ಎಂದಳು.

"ನೀವು..." ಎಂದಳು ಕಸ್ತೂರಿ. "ಅಲ್ಲ." ಕೈ ಎತ್ತಿ ನನ್ನತ್ತ ತೋರಿಸಿದಳು. ಬಹಳ ಹೊತ್ತು ಬಾಯಿ ತೆರೆದೇ ಇತ್ತು. "ನೀ. ನೀ... ಉಂಡಿ?"

"ಉಂಡೆ ಬೇ," ಎಂದೆ. ಉಂಡಿರಲಿಲ್ಲ. "ಉಂಡೆ, ಉಂಡೆ."

ಫೋನಿನಾಕೆ, "ಕ್ಷಮಿಸಿ. ಈಗ ಆಡಿದ್ದನ್ನು ನಾನು ಯಾರಿಗೆ ಅನುವಾದಿಸಲಿ?" ಎಂದು ಕೇಳಿದಳು.

ಮತ್ತೆ ವಿಮಾನ ನಿಲ್ದಾಣ

ಕನ್ನಡ ಅಂದಿನಿಂದ ಬರತೊಡಗಿತು, ಪೂರಾ ಬರಲಿಲ್ಲ. ತಿಂಡಿ ತಿನಿಸುಗಳ ಹೆಸರು ಬೇಗ ಬಂದವು. ಸಂಬಂಧಗಳ ಹೆಸರು ಅದಲು ಬದಲಾದವು. ಥಾಮಸನನ್ನು ಒಮ್ಮೆ ಮಾವ ಎಂದಳು, ಒಮ್ಮೆ ಅವ್ವ ಎಂದಳು. ಅವನು ಎರಡಕ್ಕೂ ಹೂಂ ಎಂದ. ಸಂಜೆ ಡ್ಯೂಟಿ ಮುಗಿಸಿ ಬಂದು ಚಿತ್ರಗಳ ಕಟ್ಟಿನ ಮುಂದೆ ಅವನೂ ಕೂಡುತ್ತಿದ್ದ. ನಾನು ಹೊರಡುವ ಹೊತ್ತಿಗೆ ಅವಳಿಗಿಂತ ಅವನೇ ಹೆಚ್ಚು ಹೆಸರು ಹೇಳುತ್ತಿದ್ದ, ಮಲಯಾಳದ ಧಾಟಿಯಲ್ಲಿ.

ಡಾಕ್ಟರ್ ಕೊನೆಯ ಭೇಟಿಯಲ್ಲಿ ಹೇಳಿದ್ದು ಹೀಗೆ. ತಡೆ ತೆರೆದಿತ್ತು, ತಾನಾಗಿ ಮುಚ್ಚಿತ್ತು. ಅದರಿಂದ ತೊಂದರೆ ಏನೂ ಕಾಣಲಿಲ್ಲ. ಮಾತು ಹೋದದ್ದು ಗಡ್ಡೆ ತೆಗೆದದ್ದರಿಂದ. ತೆಗೆದ ಚೂರುಗಳಲ್ಲಿ, ಧ್ವನಿ ಬಿಟ್ಟ ಕಡೆ ಔಷಧ ಹೆಚ್ಚು ಇಳಿದಿತ್ತು. ಒಬ್ಬರಿಂದ ಏನೂ ತೀರ್ಮಾನ ಮಾಡಲಾಗದು, ಇನ್ನೂ ಹಲವರನ್ನು ನೋಡಬೇಕು. ಕಸ್ತೂರಿ ಅದನ್ನು ಕೇಳಿ ಇಂಗ್ಲಿಷಿನಲ್ಲಿ ಮುಂದಿನವರು ಯಾರು ಎಂದು ಕೇಳಿದಳು. ಹೇಳುವಂತಿಲ್ಲ ಎಂದು ಅವರು ನಕ್ಕರು.

ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದರು, ಧ್ವನಿಯಿಂದ ಗುಣ ಆಯಿತೇ ಎಂದು. ಈರಪ್ಪ ಅಂತೂ ಗಡ್ಡೆ ಪುಡಿಯಾದದ್ದು ಖರೆ ಎಂದೇ ನಂಬಿದ್ದ. ಗುಣ ಆಗಲಿಲ್ಲ, ಗಡ್ಡೆ ಪುಡಿಯೂ ಆಗಲಿಲ್ಲ. ಆಮೇಲೆ ಅವಳು ಒಂದು ವರ್ಷಕ್ಕೂ ಹೆಚ್ಚು ಕಾಲ ಚಲೋ ಇದ್ದಳು. ವಾರಕ್ಕೊಮ್ಮೆ ಇದ್ದದ್ದು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದಳು, ಅವ್ವನೊಂದಿಗೆ ತಡವರಿಸಿ ಮಾತಾಡುತ್ತಿದ್ದಳು. ಮುಂದೆ ಗಡ್ಡೆ ಮೆದುಳಿನ ಇನ್ನೊಂದು ಕಡೆ ಬಂತು. ಎರಡನೆಯ ಚಳಿಗಾಲದಲ್ಲಿ ತೀರಿಕೊಂಡಳು. ಅವಳ ತಲೆಯ ಮೇಲೆ ಮಾಡಿ ನೋಡಿದ್ದನ್ನು ಅಲ್ಲಿ ಈಗಲೂ ಮಾಡುತ್ತಿದ್ದಾರೆ, ಮೊದಲಿಗಿಂತ ಹೆಚ್ಚು ಮಂದಿಗೆ. ಇನ್ನೂ ನೋಡುತ್ತಲೇ ಇದ್ದಾರೆ.

ನಾನು ಹೊರಟ ದಿನ ಹಿಮ ಬಿದ್ದಿತ್ತು. ಅವಳು ಹಟ ಮಾಡಿ ವಿಮಾನ ನಿಲ್ದಾಣಕ್ಕೆ ಬಂದಳು, ತಲೆಗೆ ಉಣ್ಣೆಯ ಟೊಪ್ಪಿಗೆ, ಮೇಲೆ ಥಾಮಸನ ಕೋಟು. ಒಳಗೆ ಹೋಗುವ ಸಾಲು ಮುಂದೆ ಸರಿಯುತ್ತಿತ್ತು. ಥಾಮಸ್ ನನ್ನನ್ನು ಅಪ್ಪಿಕೊಂಡು ಬೆನ್ನು ತಟ್ಟಿದ. ಕಸ್ತೂರಿ ನನ್ನ ಕೈ ಹಿಡಿದುಕೊಂಡು ನಿಂತಳು. ಒಂದು ಪೂರಾ ವಾಕ್ಯ ಹೇಳಬೇಕೆಂದು ತಯಾರಾಗಿ ಬಂದವಳ ಹಾಗಿತ್ತು ಮುಖ. ಒಂದು ಸಲ ಉಸಿರು ಎಳೆದುಕೊಂಡಳು.

"ಅಣ್ಣಾ," ಎಂದಳು, ಎಲ್ಲೂ ತಡೆಯದೆ, "ನಾ ಹೋಗಿ ಬರ್ತೇನಿ."

ಅದು ಹೊರಟವನು ಹೇಳುವ ಮಾತು. ಉಳಿಯುವವಳು ಹೋಗಿ ಬಾ ಎನ್ನಬೇಕು. ಅವಳು ಸರಿಯಾಯಿತೇ ಎಂದು ನನ್ನ ಮುಖ ನೋಡುತ್ತಿದ್ದಳು. ಯಾವುದು ಸರಿ, ಯಾವುದು ತಪ್ಪು ಎಂದು ಹೇಳಬೇಕಾದವನು ನಾನೇ.

"ಹೂಂ," ಎಂದೆ. "ಹೋಗಿ ಬಾ."